ಸೈಡ್ ವಿಂಗ್‌ನಿಂದ ಮೇಷ್ಟ್ರು: ನ್ಯೂಯಾರ್ಕಿನ ಶನಿವಾರ ರಾತ್ರಿ, ನಮ್ಮ ಭಾನುವಾರ ಬೆಳಿಗ್ಗೆ

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದು ಸಿಕ್ಕಿಹಾಕಿಕೊಂಡೆ. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ಅಮೆರಿಕದ ‘ಸ್ಯಾಟರ್‌ಡೇ ನೈಟ್ ಲೈವ್’ ಅನ್ನೋ ಹಳೇ ಕಾಮಿಡಿ ಶೋನ ಮೊಟ್ಟಮೊದಲ ಎಪಿಸೋಡ್ ತೋರಿಸಿದಳು, ಮೈಸೂರಿನ ಹವ್ಯಾಸಿ ನಾಟಕಗಳಿಗೆ ಇಪ್ಪತ್ತೆಂಟು ವರ್ಷ ಪ್ರಾಂಪ್ಟ್ ಮಾಡಿದ, ಅಂದರೆ ಸ್ಟೇಜಿನ ಪಕ್ಕದ ಮರೆಯಲ್ಲಿ ಕೂತು ನಟರಿಗೆ ಮರೆತ ಮಾತು ಪಿಸುಗುಟ್ಟಿದ ನನಗೆ ಅದನ್ನು ನೋಡಿ ಬೆವರು ಬಂತು ಅಂತ. ಬೆವರು ಯಾಕೆ ಬಂತು ಅಂತ ಬರೆಯಲಿಲ್ಲ. ಕಾಗದದಲ್ಲೂ ಕೇಳಿದ್ದೀರಿ, ವಾಟ್ಸಾಪಿನಲ್ಲೂ ಕೇಳಿದ್ದೀರಿ. ಈ ಸಲ ಪೂರ್ತಿ ಅದೇ. ಮಂಡಿನೋವು, ಮಕ್ಕಳ ಕೈಬರಹ ಇತ್ಯಾದಿ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ಮೇಷ್ಟ್ರೇ, ನಮ್ಮಲ್ಲೇ ಬೇಕಾದಷ್ಟು ಕಾಮಿಡಿ ಶೋ ಇವೆ. ಮಜಾ ಟಾಕೀಸ್ ನೋಡಿದ್ದೀವಿ, ಕಾಮಿಡಿ ಕಿಲಾಡಿಗಳು ನೋಡಿದ್ದೀವಿ. ಅಮೆರಿಕದ್ದರಲ್ಲಿ ಅಂಥದ್ದೇನಿದೆ?
— ಓದುಗರು, ಗುತ್ತಲು ರಸ್ತೆ, ಮಂಡ್ಯ

ನಗು ನಮ್ಮದರಲ್ಲೇ ಜಾಸ್ತಿ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ನಮ್ಮವನ್ನು ಮೊದಲೇ ಶೂಟ್ ಮಾಡಿ, ಕತ್ತರಿಸಿ, ಜೋಡಿಸಿ ಆಮೇಲೆ ಹಾಕುತ್ತಾರೆ. ಮಾತು ಮರೆತರೆ ಇನ್ನೊಂದು ಟೇಕ್. ‘ಸ್ಯಾಟರ್‌ಡೇ ನೈಟ್ ಲೈವ್’ ಹಾಗಲ್ಲ. ಶನಿವಾರ ರಾತ್ರಿ 11:30ಕ್ಕೆ ನ್ಯೂಯಾರ್ಕಿನಲ್ಲಿ ಎನ್‌ಬಿಸಿ ಚಾನೆಲ್‌ನ 8ಎಚ್ ಅನ್ನೋ ಸ್ಟುಡಿಯೋದಲ್ಲಿ ಶುರುವಾಯಿತು ಅಂದರೆ ರಾತ್ರಿ ಒಂದು ಗಂಟೆ ಹೊಡೆಯುವವರೆಗೆ ನಿಲ್ಲೋ ಹಾಗಿಲ್ಲ. ಅಲ್ಲಿ ಎಡವಿದ್ದು ಆ ಕ್ಷಣವೇ ಮನೆಮನೆಗೆ ತಲುಪುತ್ತೆ. ನಮ್ಮ ಲೆಕ್ಕಕ್ಕೆ ಅದು ಭಾನುವಾರ ಬೆಳಿಗ್ಗೆ 9 ಗಂಟೆ, ಅಲ್ಲಿ ಚಳಿಗಾಲ ಆದರೆ 10. ನೀವು ಕಾವಲಿಗೆ ಮೊದಲನೇ ದೋಸೆ ಹುಯ್ಯುವಾಗ ಅಲ್ಲೊಬ್ಬ ನಟ ಬಾಯಿ ಒಣಗಿಸಿಕೊಂಡು ನಿಂತಿರುತ್ತಾನೆ.

ಮೊದಲ ಎಪಿಸೋಡ್ ಬಂದಿದ್ದು 1975ರ ಅಕ್ಟೋಬರ್ 11ಕ್ಕೆ. 2025ಕ್ಕೆ ಐವತ್ತು ವರ್ಷದ ಸಂಭ್ರಮವೂ ಆಯಿತು. 1975ರಲ್ಲಿ ನಾನು ಮೈಸೂರಲ್ಲಿ ಕಾಲೇಜು ಹುಡುಗ. ಊರಿನಲ್ಲಿ ಟಿವಿ ಅನ್ನೋದೇ ಇರಲಿಲ್ಲ. ತುರ್ತು ಪರಿಸ್ಥಿತಿ ಬೇರೆ. ಸರ್ಕಾರವನ್ನು ಗೇಲಿ ಮಾಡೋದಿರಲಿ, ಹೋಟೆಲಿನಲ್ಲಿ ಗಟ್ಟಿಯಾಗಿ ಗೊಣಗುವುದಕ್ಕೂ ಪಕ್ಕದ ಟೇಬಲ್ ನೋಡಿಕೊಳ್ಳುತ್ತಿದ್ದ ಕಾಲ. ಅದೇ ದಿನಗಳಲ್ಲಿ ಭೂಮಿಯ ಆ ಕಡೆ ಒಂದಷ್ಟು ಹುಡುಗರು ಕೂತು ಸುಳ್ಳು ನ್ಯೂಸ್ ಓದಿ ಜನರನ್ನು ನಗಿಸುತ್ತಿದ್ದರು ಅನ್ನೋದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

ಪ್ರಶ್ನೆ: ಮೊದಲ ದೃಶ್ಯ ನೋಡಿ ಎದ್ದು ಕೂತೆ ಅಂತ ಬರೆದಿದ್ದಿರಿ. ಏನಿತ್ತು ಅದರಲ್ಲಿ?
— ಗೃಹಿಣಿ, ಸರಸ್ವತಿಪುರಂ, ಮೈಸೂರು

ಏನೂ ಇರಲಿಲ್ಲ ಅಮ್ಮಾ, ಅದೇ ಸೊಗಸು. ಟೈಟಲ್ ಇಲ್ಲ, ಸ್ವಾಗತ ಭಾಷಣ ಇಲ್ಲ, ದೀಪ ಬೆಳಗೋದು ಇಲ್ಲ. ಒಂದು ರೂಮು. ಒಬ್ಬ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದಾನೆ. ಆ ಪಾತ್ರ ಮಾಡಿದವನು ಮೈಕಲ್ ಓಡಾನಹ್ಯೂ, ಅದೇ ಶೋನ ಬರಹಗಾರ. ಹೊರದೇಶದಿಂದ ಬಂದ ಒಬ್ಬ ದಪ್ಪ ಮನುಷ್ಯ ಇಂಗ್ಲಿಷ್ ಕಲಿಯೋಕೆ ಬರುತ್ತಾನೆ. ಅವನು ಜಾನ್ ಬೆಲೂಷಿ. ಪಾಠ ಶುರು. ಮೇಷ್ಟ್ರು ಹೇಳಿದ್ದನ್ನು ಶಿಷ್ಯ ತನ್ನ ನಾಲಿಗೆ ಹೊರಳಿದ ಹಾಗೆ ಹೇಳಬೇಕು. ಹೇಳಿಕೊಡೋ ವಾಕ್ಯ ಎಂಥದ್ದು? ‘ನಿಮ್ಮ ಬೆರಳ ತುದಿಗಳನ್ನು ವುಲ್ವರಿನ್‌ಗಳಿಗೆ ತಿನ್ನಿಸಲು ಇಷ್ಟಪಡುತ್ತೇನೆ’ ಅನ್ನೋ ಥರದ್ದು. ವುಲ್ವರಿನ್ ಅಂದರೆ ಚಳಿದೇಶದ ಒಂದು ಮುಂಗೋಪಿ ಕಾಡುಪ್ರಾಣಿ. ಹೊಸ ಊರಿಗೆ ಬಂದವನಿಗೆ ಈ ವಾಕ್ಯ ಯಾವ ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತೆ ಹೇಳಿ. ಅವನು ಮಾತ್ರ ಭಕ್ತಿಯಿಂದ ಹೇಳುತ್ತಾನೆ.

ಇದ್ದಕ್ಕಿದ್ದ ಹಾಗೆ ಮೇಷ್ಟ್ರಿಗೆ ಎದೆ ಹಿಡಿದುಕೊಳ್ಳುತ್ತೆ. ಉಸಿರು ಎಳೆದು, ದೊಪ್ಪನೆ ನೆಲಕ್ಕೆ ಬೀಳುತ್ತಾನೆ. ಈಗ ಬೆಲೂಷಿಯ ಮುಖ ನೋಡಬೇಕು. ಒಂದು ಗಳಿಗೆ ಯೋಚನೆ ಮಾಡುತ್ತಾನೆ. ಓಹೋ, ಇದೂ ಪಾಠವೇ ಇರಬೇಕು! ತಾನೂ ಎದೆ ಹಿಡಿದುಕೊಂಡು ದೊಪ್ಪನೆ ಬೀಳುತ್ತಾನೆ. ಇಬ್ಬರೂ ನೆಲದ ಮೇಲೆ. ಆಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಸ್ಟೇಜ್ ಮ್ಯಾನೇಜರ್ ಥರ ಚೆವಿ ಚೇಸ್ ಅನ್ನೋ ಇನ್ನೊಬ್ಬ ನಟ ಒಳಗೆ ಬಂದು, ಬಿದ್ದವರನ್ನು ನೋಡಿ, ಕ್ಯಾಮೆರಾ ಕಡೆ ತಿರುಗಿ, ನ್ಯೂಯಾರ್ಕಿನಿಂದ ನೇರಪ್ರಸಾರ, ಇದು ಶನಿವಾರ ರಾತ್ರಿ ಅಂತ ಕೂಗುತ್ತಾನೆ. ಆ ಕೂಗು ಇವತ್ತಿಗೂ ಆ ಶೋ ಶುರುವಾಯಿತು ಅನ್ನೋ ಮೂರನೇ ಬೆಲ್.

ನಾನು ಎದ್ದು ಕೂತಿದ್ದಕ್ಕೆ ಬೇರೆ ಕಾರಣವಿದೆ. ನಾನು ಹೈಸ್ಕೂಲಿಗೆ ಸೇರಿದ ಹೊಸತರಲ್ಲಿ ಎಂಟನೇ ಕ್ಲಾಸಿಗೆ ಪದ್ಯ ಹೇಳಿಕೊಡುತ್ತಿದ್ದೆ. ನಾನೊಂದು ಸಾಲು, ಹುಡುಗರೊಂದು ಸಾಲು. ಮಧ್ಯೆ ಕೊನೇ ಬೆಂಚಿನಲ್ಲಿ ಗುಸುಗುಸು. ಅದೇ ರಾಗದಲ್ಲಿ, ‘ಯಾರೋ ಅದು ಹಿಂದೆ ಮಾತಾಡೋದು’ ಅಂದೆ. ನಲವತ್ತೆರಡು ಹುಡುಗರು ಒಂದೇ ಕಂಠದಲ್ಲಿ, ‘ಯಾರೋ ಅದು ಹಿಂದೆ ಮಾತಾಡೋದೂ’ ಅಂದರು. ರಾಗ ಒಂಚೂರೂ ತಪ್ಪಿರಲಿಲ್ಲ. ಹೆಡ್ಮಾಸ್ಟರು ಕಿಟಕಿಯಲ್ಲಿ ನಿಂತಿದ್ದರು.

ಪ್ರಶ್ನೆ: ಗ್ರಾಮಫೋನ್ ಪಕ್ಕ ಸುಮ್ನೆ ನಿಂತವನಿಗೆ ಜನ ಬಿದ್ದು ಬಿದ್ದು ನಕ್ಕರು ಅಂತ ನನ್ನ ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ನನಗೆ ನಗು ಬರಲಿಲ್ಲ. ನನ್ನ ತಪ್ಪಾ?
— ನಿವೃತ್ತ ಗ್ರಾಮಲೆಕ್ಕಿಗರು, ಪಾಂಡವಪುರ

ತಪ್ಪೇನಿಲ್ಲ ಬಿಡಿ. ಅವನು ಆಂಡಿ ಕಾಫ್ಮನ್, ಅದೂ ಅದೇ ಮೊದಲ ಎಪಿಸೋಡ್. ಮಕ್ಕಳ ಕಾರ್ಟೂನಿನ ಇಲಿ ‘ಮೈಟಿ ಮೌಸ್’ ಹಾಡಿನ ರೆಕಾರ್ಡ್ ಹಾಕಿ, ಪರೀಕ್ಷೆ ಹಾಲ್‌ನಲ್ಲಿ ನಿಂತ ಹುಡುಗನ ಹಾಗೆ ಕಣ್ಣು ಪಿಳಿಪಿಳಿ ಬಿಡುತ್ತಾ ನಿಲ್ಲುತ್ತಾನೆ. ಹಾಡೆಲ್ಲ ರೆಕಾರ್ಡ್ ಹಾಡುತ್ತೆ. ‘ಇಗೋ ನಾನು ಬಂದೆ, ಕಾಪಾಡುತ್ತೇನೆ’ ಅನ್ನೋ ಒಂದೇ ಸಾಲು ಬಂದಾಗ ಮಾತ್ರ ಕೈ ಎತ್ತಿ ರಾಜನ ಹಾಗೆ ತುಟಿ ಆಡಿಸುತ್ತಾನೆ. ಮತ್ತೆ ಪೆಚ್ಚು. ಒಂದು ಸಲ ಅವಸರಕ್ಕೆ ಕೈ ಎತ್ತಲು ಹೋಗಿ, ಇನ್ನೂ ಸರದಿ ಬಂದಿಲ್ಲ ಅಂತ ಗೊತ್ತಾಗಿ ತಡೆದುಕೊಳ್ಳುತ್ತಾನೆ. ಅಲ್ಲಿ ನನಗೆ ನಗು ಬಂತು. ನಮ್ಮ ತಂಡದಲ್ಲಿ ಒಂದೇ ಮಾತಿನ ಪಾತ್ರ ಸಿಕ್ಕವರೆಲ್ಲ ಹೀಗೇ. ಮೂರು ಅಂಕ ವಿಂಗ್‌ನಲ್ಲಿ ತುಟಿ ಪಿಟಿಪಿಟಿ, ಸರದಿ ಬಂದಾಗ ಒಂದು ಮಾತು ಮೊದಲೇ. ನೀವು ಯಾವತ್ತೂ ಸ್ಟೇಜ್ ಹತ್ತಿಲ್ಲ ಅಂತ ಕಾಣುತ್ತೆ. ಒಮ್ಮೆ ಹತ್ತಿ ಇಳಿದು ಮೊಮ್ಮಗನ ಮೊಬೈಲ್ ಇಸಕೊಳ್ಳಿ.

ಪ್ರಶ್ನೆ: ಇಡೀ ಎಪಿಸೋಡ್ ಚೆನ್ನಾಗಿದೆಯಾ? ಮಕ್ಕಳ ಜೊತೆ ಕೂತು ನೋಡಬಹುದಾ?
— ಓದುಗರು, ಕುವೆಂಪುನಗರ

ಇಲ್ಲ, ಇಲ್ಲ. ಮೂರರಲ್ಲಿ ಒಂದು ಭಾಗ ಆಕಳಿಕೆ. ಜೇನುಹುಳದ ವೇಷ ಹಾಕಿಕೊಂಡ ಒಂದು ದೃಶ್ಯವಿದೆ, ನಮ್ಮನೆಯವರು ಎದ್ದು ಹೋಗಿ ಸೊಪ್ಪು ಬಿಡಿಸಿಕೊಂಡು ಬಂದರು. ಅವತ್ತಿನ ಹೋಸ್ಟ್, ಅಂದರೆ ಶೋ ನಡೆಸಿಕೊಡುವ ಅತಿಥಿ, ಹಾಸ್ಯಗಾರ ಜಾರ್ಜ್ ಕಾರ್ಲಿನ್ ಒಂದು ಸ್ಕಿಟ್‌ನಲ್ಲೂ ಪಾತ್ರ ಮಾಡಲಿಲ್ಲ, ಆಗಾಗ ಬಂದು ನಿಂತು ಮಾತಾಡಿ ಹೋದ. ಕೋಟಿನ ಒಳಗೆ ಟಿ ಶರ್ಟು.

ಪ್ರಶ್ನೆ: ಲೈವ್‌ನಲ್ಲಿ ಮಾತು ಮರೆತರೆ ಏನು ಗತಿ? ಅಲ್ಲೂ ನಿಮ್ಮಂಥ ಪ್ರಾಂಪ್ಟರ್ ಇರುತ್ತಾರಾ?
— ಬಿ.ಎ. ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಕೇಳಿದೆಯಲ್ಲ ಮಗಳೇ, ಬಾ. ಬೆವರಿನ ವಿಷಯ ಇದೇ.

ಟಿವಿ ನೋಡುವಾಗ ಮಗಳು ನಟರ ಮುಖ ನೋಡುತ್ತಿದ್ದಳು. ನನ್ನ ಕಣ್ಣು ಮಾತ್ರ ಪರದೆಯ ಅಂಚಿನಲ್ಲಿ ಪ್ರಾಂಪ್ಟರ್ ಎಲ್ಲಿ ಅಡಗಿದ್ದಾನೆ ಅಂತ ಹುಡುಕುತ್ತಿತ್ತು. ಹಾಳು ಅಭ್ಯಾಸ. ಸಿಗಲಿಲ್ಲ. ಎದೆ ಡವಗುಟ್ಟಿತು. ಆಮೇಲೆ ಮಗಳು ಹೇಳಿದಳು, ಅಲ್ಲಿ ಕಿವಿಗೆ ಹೇಳಿಕೊಡುವವರಿಲ್ಲ, ಕಣ್ಣಿಗೆ ತೋರಿಸುವವರಿದ್ದಾರೆ ಅಂತ. ದೊಡ್ಡ ಬಿಳೀ ರಟ್ಟು. ಅದರ ಮೇಲೆ ಮಾರ್ಕರ್‌ನಲ್ಲಿ ಕೈಯಲ್ಲೇ ಬರೆದ ಮಾತು. ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಬಣ್ಣ. ಕ್ಯಾಮೆರಾ ಪಕ್ಕದಲ್ಲೇ ಒಬ್ಬರು ಅದನ್ನು ಹಿಡಿದು ನಿಲ್ಲುತ್ತಾರೆ, ಮಾತು ಮುಂದೆ ಹೋದ ಹಾಗೆ ಒಂದೊಂದೇ ರಟ್ಟು ತೆಗೆಯುತ್ತಾರೆ. ಕ್ಯೂ ಕಾರ್ಡ್ ಅಂತಾರೆ. ಅಕ್ಷರ ತಾನೇ ಓಡೋ ಯಂತ್ರ ಬಂದು ಎಷ್ಟೋ ಕಾಲವಾದರೂ ಇವರು ರಟ್ಟು ಬಿಟ್ಟಿಲ್ಲ. ಯಾಕೆಂದರೆ ಹನ್ನೊಂದು ಗಂಟೆ ದಾಟಿದ ಮೇಲೂ ಬರಹಗಾರ ಓಡಿ ಬಂದು ಮಾತು ಬದಲಾಯಿಸುತ್ತಾನೆ. ರಟ್ಟಾದರೆ ಬಿಳಿ ಟೇಪ್ ಅಂಟಿಸಿ ಮೇಲೆ ಬರೆದರಾಯಿತು. ಇದು ಗೊತ್ತಾದ ಮೇಲೆ ಹೊಸ ಎಪಿಸೋಡ್ ಒಂದನ್ನು ನೋಡಿದೆ. ಗಂಡ ಹೆಂಡತಿ ಜಗಳದ ದೃಶ್ಯ. ಇಬ್ಬರೂ ಎದುರಾಳಿಯ ಕಣ್ಣು ನೋಡದೆ ಕಿವಿಯ ಪಕ್ಕ ನೋಡಿಕೊಂಡು ಜಗಳ ಆಡುತ್ತಿದ್ದರು. ನಮ್ಮನೆಯವರು, ‘ಪರವಾಗಿಲ್ಲ, ನೀವೂ ಹಾಗೇ ತಾನೇ’ ಅಂದರು.

ನನ್ನ ಕಾಲದಲ್ಲಿ ರಟ್ಟೂ ಇಲ್ಲ, ಟೇಪೂ ಇಲ್ಲ. ಬಲಗಡೆ ವಿಂಗ್, ಒಂದು ಮಡಚೋ ಕುರ್ಚಿ, ಕೆಂಪು ಕಾಗದ ಸುತ್ತಿದ ಟಾರ್ಚು, ದಾರ ಹೊಲಿದ ಸ್ಕ್ರಿಪ್ಟು. ನಮ್ಮ ತಂಡದಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬ ವಿಮೆ ಏಜೆಂಟ್. ಒಂದು ಸಲ ಪುರಭವನದಲ್ಲಿ ಸಾಮಾಜಿಕ ನಾಟಕ. ಮನೆಯ ಯಜಮಾನನ ಪಾತ್ರಧಾರಿ ಎರಡನೇ ಅಂಕದಿಂದ ನೇರ ಮೂರನೇ ಅಂಕಕ್ಕೆ ಹಾರಿದರು. ಮೂರನೇ ಅಂಕದಲ್ಲಿ ಅವರ ತಮ್ಮ ಸತ್ತಿರುತ್ತಾನೆ. ಎರಡನೇ ಅಂಕದಲ್ಲಿ ಆ ತಮ್ಮ ಎದುರಿಗೇ ಕೂತು ಬಾಳೆಹಣ್ಣು ತಿನ್ನುತ್ತಿದ್ದಾನೆ. ಇವರು ಅವನನ್ನೇ ನೋಡುತ್ತಾ ‘ಅಯ್ಯೋ ತಮ್ಮಾ, ನನ್ನ ಬಿಟ್ಟು ಹೋದೆಯಾ’ ಅಂತ ಗೋಳೋ ಅಂದರು. ತಮ್ಮನ ಬಾಯಲ್ಲಿ ಹಣ್ಣು ಹಾಗೇ ನಿಂತಿತು. ನಾನು ಪ್ರಾಂಪ್ಟ್ ಕೊಟ್ಟೆ. ಕೇಳಿಸಲಿಲ್ಲ. ಜೋರಾಗಿ ಕೊಟ್ಟೆ. ಮೂರನೇ ಸಾಲಿನಿಂದ ಒಬ್ಬರು, ‘ಸ್ವಾಮಿ, ನಮಗೆ ಕೇಳಿಸಿತು, ಅವರಿಗೆ ಇನ್ನೊಂದ್ಸಲ ಹೇಳಿ’ ಅಂದರು.

ಉಳಿಸಿದ್ದು ಆಳಿನ ಪಾತ್ರದ ಹುಡುಗ. ಅವನ ಪ್ರವೇಶ ಅಲ್ಲಿರಲೇ ಇಲ್ಲ. ಖಾಲಿ ತಟ್ಟೆ ಹಿಡಿದು ನುಗ್ಗಿ, ‘ಯಜಮಾನ್ರೇ, ಅಳೋದು ನಾಳೆ ಅಲ್ವಾ? ಈಗ ಕಾಫಿ ಕುಡೀರಿ’ ಅಂದ. ಇಡೀ ಹಾಲ್ ಚಪ್ಪಾಳೆ. ಆ ನಾಟಕ ಬರೆದವರು ಒಂದು ತಿಂಗಳು ಕೂತು ಬರೆದ ಯಾವ ಮಾತಿಗೂ ಅಷ್ಟು ಚಪ್ಪಾಳೆ ಬೀಳಲಿಲ್ಲ. ಪಾಪ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಮುಂದಿನ ಪ್ರಯೋಗದಲ್ಲಿ ಅದನ್ನೇ ಬೇಕು ಅಂತ ಮಾಡಿದೆವು. ಒಬ್ಬರೂ ನಗಲಿಲ್ಲ.

ಪ್ರಶ್ನೆ: ನಮ್ಮ ಬೀದಿ ಗಣೇಶನಿಗೆ ಇಪ್ಪತ್ತು ನಿಮಿಷದ ಸ್ಕಿಟ್ ಬರೆದೆ. ಆರ್ಕೆಸ್ಟ್ರಾದವರು ಬಂದುಬಿಟ್ಟರು ಅಂತ ಹತ್ತು ನಿಮಿಷಕ್ಕೆ ಇಳಿಸಿ ಅಂದರು. ಬೇಜಾರಾಗಿ ಬರೆಯೋದನ್ನೇ ಬಿಟ್ಟಿದ್ದೀನಿ.
— ಯುವ ಓದುಗ, ಮದ್ದೂರು

ಒಂದು ರಾತ್ರಿಗೇ ಬಿಟ್ಟೆಯಾ? ಅಲ್ಲಿನ ವಾರ ಹೇಗಿರುತ್ತೆ ಕೇಳು. ಸೋಮವಾರ, ಶೋ ಕಟ್ಟಿದ ಲಾರ್ನ್ ಮೈಕಲ್ಸ್ ಅವರ ರೂಮಿನಲ್ಲಿ ಎಲ್ಲರೂ ನೆಲದ ಮೇಲೂ ಕೂತು ಐಡಿಯಾ ಹೇಳುತ್ತಾರೆ. ಮಂಗಳವಾರ ರಾತ್ರಿ ಯಾರೂ ಮಲಗೋದಿಲ್ಲ, ಬೆಳಗಿನ ಜಾವದವರೆಗೆ ಬರಹ. ಬುಧವಾರ ದೊಡ್ಡ ಮೇಜಿನ ಸುತ್ತ ಕೂತು ಓದು. ಮೂವತ್ತು ನಲವತ್ತು ಸ್ಕಿಟ್ ಬಂದಿರುತ್ತವೆ. ಅವತ್ತೇ ಮುಕ್ಕಾಲು ಪಾಲು ಕಸದ ಬುಟ್ಟಿಗೆ. ಉಳಿದವಕ್ಕೆ ಗುರುವಾರ ಶುಕ್ರವಾರ ಸೆಟ್ಟು, ಬಟ್ಟೆ, ತಾಲೀಮು. ಶನಿವಾರ ರಾತ್ರಿ 8ಕ್ಕೆ ಜನರನ್ನು ಕೂರಿಸಿಯೇ ಗ್ರ್ಯಾಂಡ್ ರಿಹರ್ಸಲ್. ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಕೊಂಡೇ ಆಡುತ್ತಾರೆ. ಜನ ಎಲ್ಲಿ ನಗಲಿಲ್ಲ ಅಂತ ನೋಡಿಕೊಂಡು, ಲೈವ್‌ಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಮತ್ತೆರಡು ಮೂರು ಸ್ಕಿಟ್‌ಗೆ ಕತ್ತರಿ. ಸೆಟ್ ಕಟ್ಟಿದ್ದು, ಬಟ್ಟೆ ಹೊಲಿದದ್ದು ಎಲ್ಲ ಹಾಗೇ ಉಳಿಯಿತು. ಮೊದಲ ಎಪಿಸೋಡ್‌ನಲ್ಲೇ ಬಿಲ್ಲಿ ಕ್ರಿಸ್ಟಲ್ ಅನ್ನೋ ಹುಡುಗ ಬರಬೇಕಿತ್ತು. ಅವನ ನಿಮಿಷಗಳ ಮೇಲೆ ಜಗ್ಗಾಟ ಆಗಿ, ಅವತ್ತು ರಾತ್ರಿ ಸ್ಟೇಜ್ ಹತ್ತದೇ ಮನೆಗೆ ಹೋದ. 1984ರಲ್ಲಿ ಅದೇ ಶೋಗೆ ನಟನಾಗಿ ಸೇರಿ ಹೆಸರು ಮಾಡಿದ.

ಇನ್ನು ನಿನ್ನ ಸ್ಕಿಟ್ಟು. ಕಳಿಸಿದ್ದೀಯಲ್ಲ, ಓದಿದೆ. ಮೊದಲ ಎಂಟು ನಿಮಿಷ ಇಬ್ಬರು ಸ್ನೇಹಿತರು ‘ಏನಪ್ಪಾ ಚೆನ್ನಾಗಿದ್ದೀಯಾ, ಊಟ ಆಯ್ತಾ, ಮನೇಲಿ ಎಲ್ಲಾ ಹೇಗಿದ್ದಾರೆ’ ಅಂತಲೇ ಕಳೆಯುತ್ತಾರೆ. ಅದು ಹೋಗಲಿ. ಬೆಲೂಷಿ ಬಂದ, ಕೂತ, ಪಾಠ ಶುರು, ಅಷ್ಟೇ ತಾನೇ? ಕೊನೆಯಲ್ಲಿ ಕುಡುಕ ಕುಡಿಯೋದು ಬಿಡ್ತೀನಿ ಅಂತ ಎರಡು ನಿಮಿಷ ಭಾಷಣ ಮಾಡುತ್ತಾನೆ. ಅದೂ ಹೋಗಲಿ. ಮಧ್ಯೆ ಆಲೆಮನೆಯಲ್ಲಿ ಬೆಲ್ಲದ ಅಚ್ಚು ಎಣಿಸೋದು ತಪ್ಪುತ್ತಲ್ಲ, ಅದನ್ನು ಮುಟ್ಟಬೇಡ. ಎಣಿಸುವವನು ಮೂರು ಸಲ ಹದಿನೇಳಕ್ಕೇ ಬಂದು ನಿಲ್ಲೋದು ಓದಿ ಒಬ್ಬನೇ ನಕ್ಕೆ. ನೋಡು, ಹತ್ತು ನಿಮಿಷ ಆಯಿತು. ಆರ್ಕೆಸ್ಟ್ರಾದವರನ್ನು ಮಾತ್ರ ಬೈಯಬೇಡ, ಮುಂದಿನ ವರ್ಷವೂ ಅವರ ಮೈಕೇ ಬೇಕು.

ಪ್ರಶ್ನೆ: ಲೈವ್ ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಅಂದುಬಿಡಬಹುದಲ್ಲ? ನಮ್ಮ ಚಾನೆಲ್‌ಗಳು ಹೆದರುವುದು ಸರಿಯೇ ಅಲ್ವಾ?
— ವಕೀಲರು, ಮಂಡ್ಯ

ಹೆದರಿಕೆ ಅವರಿಗೂ ಇತ್ತು. 1975ರ ಡಿಸೆಂಬರ್‌ನಲ್ಲಿ ಹಾಸ್ಯಗಾರ ರಿಚರ್ಡ್ ಪ್ರಯರ್ ಹೋಸ್ಟ್ ಆಗಿ ಬಂದಾಗ, ಏನಂತಾನೋ ಅಂತ ಚಾನೆಲ್‌ನವರು ಕೆಲವು ಸೆಕೆಂಡ್ ತಡ ಮಾಡಿ ಪ್ರಸಾರ ಮಾಡುವ ಏರ್ಪಾಟು ಮಾಡಿದ್ದರು. 1992ರ ಅಕ್ಟೋಬರ್ 3ರಂದು ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಹಾಡು ಮುಗಿಸಿ ಪೋಪ್ ಫೋಟೋ ಹರಿದರು. ಚರ್ಚಿನೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವಿರುದ್ಧ ಅವರ ಸಿಟ್ಟು ಅದು. ಸಂಜೆ ರಿಹರ್ಸಲ್‌ನಲ್ಲಿ ತೋರಿಸಿದ್ದು ಒಂದು ಮಗುವಿನ ಫೋಟೋ, ಲೈವ್‌ನಲ್ಲಿ ಬಂದದ್ದು ಬೇರೆ. ಡೈರೆಕ್ಟರು ಚಪ್ಪಾಳೆ ಹೊಡೀರಿ ಅನ್ನೋ ದೀಪ ಹಾಕಿಸಲಿಲ್ಲ. ಸ್ಟುಡಿಯೋ ಗಪ್‌ಚುಪ್. ಪ್ರಾಂಪ್ಟರ್ ಆಗಿ ನನಗೆ ಆ ಮೌನದ ಬೆಲೆ ಗೊತ್ತು.

ಆದರೆ ವಕೀಲ್ರೇ, ನಮಗೆ ಇದು ಹೊಸದೇನಲ್ಲ. ನಮ್ಮ ಮೈಸೂರಲ್ಲೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕ ಆಡುವಾಗ ಅವತ್ತಿನ ರಾಜಕೀಯವನ್ನೆಲ್ಲ ಮಾತಿನ ಮಧ್ಯೆ ತುರುಕುತ್ತಿದ್ದರು. ನಾನೂ ಮುಂದೆ ಕೂತು ನೋಡಿದ್ದೇನೆ. ಅವರಿಗೆ ಪ್ರಾಂಪ್ಟ್ ಮಾಡೋ ಪುಣ್ಯಾತ್ಮ ಯಾವ ಪುಟ ತೆರೆದು ನಿಂತಿರುತ್ತಿದ್ದನೋ ಅಂತ ನನಗೆ ಆಗಲೇ ಯೋಚನೆ. ಇನ್ನೂ ಹಿಂದೆ ಹೋಗಿ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರಲ್ಲ, ‘ಆಕಾಶವಾಣಿ’ ಅನ್ನೋ ಹೆಸರು ಬಂದದ್ದು ಅಲ್ಲಿಂದಲೇ. ಆ ಕಾಲದ ರೇಡಿಯೋ ಅಂದರೆ ಮೈಕಿನ ಮುಂದೆ ಆಡಿದ್ದು ನೇರ ಗಾಳಿಗೆ. ನ್ಯೂಯಾರ್ಕಿನ ಆ 8ಎಚ್ ಕೂಡ ಮೊದಲು ರೇಡಿಯೋ ಸ್ಟುಡಿಯೋ. ಟೊಸ್ಕನಿನಿಯಂಥ ಸಂಗೀತಗಾರರ ಆರ್ಕೆಸ್ಟ್ರಾ ನುಡಿಸಿದ ಜಾಗ. ಅಂದರೆ ಎರಡು ಊರಿನವರೂ ಒಂದೇ ಕಾಲದಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದೆವು.

ನಮ್ಮಲ್ಲಿ ತೊಂದರೆ ಹೆದರಿಕೆಯದ್ದಲ್ಲ, ಗಡಿಯಾರದ್ದು. ಆರೂವರೆಗೆ ನಾಟಕ ಅಂದರೆ ಮುಖ್ಯ ಅತಿಥಿ ಬಂದು ಶಾಲು ಹೊದ್ದು ಇಳಿಯುವ ಹೊತ್ತಿಗೆ ಏಳೂಕಾಲು. ಅಲ್ಲಿ 11:30 ಆಯಿತು ಅಂದರೆ ಸ್ಕಿಟ್ ಹಣ್ಣಾಗಿರಲಿ ಕಾಯಾಗಿರಲಿ, ಶುರು. ಅಂಥ ಕಡೆ ನಮ್ಮ ಮುಖ್ಯ ಅತಿಥಿಗಳನ್ನು ಕೂರಿಸಿದರೆ ಹೇಗಿರುತ್ತೆ ಅಂತ ಯೋಚಿಸಿದರೇ ಒಂದು ಸ್ಕಿಟ್.

ಪ್ರಶ್ನೆ: ಆ ಶೋ ನೋಡೋಕೆ ಟಿಕೆಟ್ ಎಷ್ಟು? ನನ್ನ ತಂಗಿ ಅಲ್ಲೇ ಇದ್ದಾಳೆ.
— ಓದುಗರು, ಯಾದವಗಿರಿ

ಪುಕ್ಕಟೆ. ಆಗಸ್ಟ್ ತಿಂಗಳಲ್ಲಿ ಇ-ಮೇಲ್ ಹಾಕಬೇಕು, ಲಾಟರಿ ಎತ್ತುತ್ತಾರೆ. ಇಲ್ಲದಿದ್ದರೆ ಸ್ಟ್ಯಾಂಡ್‌ಬೈ ಅಂತ ಕ್ಯೂ. ರಾತ್ರಿ 8ರ ರಿಹರ್ಸಲ್ಲೋ 11:30ರ ಲೈವೋ, ಎರಡರಲ್ಲಿ ಒಂದು. ನನ್ನ ಮಾತು ಕೇಳಿದರೆ ರಿಹರ್ಸಲ್ ನೋಡಲಿ. ಆಮೇಲೆ ಕತ್ತರಿಗೆ ಸಿಗುವ ಸ್ಕಿಟ್‌ಗಳನ್ನು ಎದುರಿಗೇ ಕೂತು ನೋಡುವವರು ಆ ಎಂಟು ಗಂಟೆಯವರೇ.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದೂ ನೀವು ಯಾಕೆ ಒಂದು ಪಾತ್ರವನ್ನೂ ಮಾಡಲಿಲ್ಲ?
— ಹಳೇ ಶಿಷ್ಯ, ನಂಜುಮಳಿಗೆ

ಮಾಡಿದ್ದೇನೆ ಕಣಯ್ಯಾ, ನೀನು ಅವತ್ತು ಬಂದಿರಲಿಲ್ಲ. ಪೊಲೀಸ್ ಪಾತ್ರ. ನಿಜವಾದ ಪೊಲೀಸ್ ಪಾತ್ರಧಾರಿಗೆ ಜ್ವರ ಬಂದು, ಮಾತೆಲ್ಲ ಬಾಯಿಪಾಠ ಇರೋನು ನಾನೊಬ್ಬನೇ ಅಂತ ಖಾಕಿ ಹಾಕಿಸಿ ತಳ್ಳಿದರು. ಒಂದೇ ಮಾತು. ಕಳ್ಳನ ಭುಜ ಹಿಡಿದು ‘ನಡಿಯೋ ಸ್ಟೇಷನ್‌ಗೆ’ ಅನ್ನಬೇಕು. ಹಿಡಿದೆ. ಅಂದೆ. ಆದರೆ ಇಪ್ಪತ್ತು ವರ್ಷದ ಅಭ್ಯಾಸ ನೋಡು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಪಿಸುಮಾತಿನಲ್ಲಿ ಅಂದೆ. ಕಳ್ಳನ ಪಾತ್ರದ ವಿಮೆ ಏಜೆಂಟ್‌ಗೆ ನನ್ನ ಪಿಸುಮಾತು ಅಂದರೆ ಪ್ರಾಂಪ್ಟ್ ಅಂತಲೇ ಲೆಕ್ಕ. ತಡ ಮಾಡದೆ ನನ್ನ ಭುಜ ಹಿಡಿದು, ಕೊನೇ ಸಾಲಿಗೂ ಕೇಳೋ ಹಾಗೆ, ‘ನಡಿಯೋ ಸ್ಟೇಷನ್‌ಗೆ’ ಅಂದರು. ಟೋಪಿ ಸರಿಮಾಡಿಕೊಂಡು ಅವರ ಹಿಂದೆ ಹೋದೆ.